ಕ್ಯಾಸ್ಟ್ರೊ ಪರದೆಯ ಮೇಲೆ ಜರ್ಮನಿ

ಗೆಳೆಯ ಸಿನಿಮಾ ಮುಗಿಸಿದರೆ ನನ್ನ ಬೂಟನ್ನೇ ತಿನ್ನುತ್ತೇನೆ ಎಂದು ಪಂತ ಕಟ್ಟಿದ್ದ ಜರ್ಮನ್ ನಿರ್ದೇಶಕ ವರ್ನರ್ ಹೆರ್ಜಾಗ್ ಮಾತಿಗೆ ತಪ್ಪಲಿಲ್ಲ. ಎರಲ್ ಮಾರಿಸ್ ಎಂಬ ಅಮೆರಿಕದ ತರುಣ 1978ರಲ್ಲಿ 'ಗೇಟ್ಸ್ ಆಫ್ ಹೆವನ್' ಸಾಕ್ಷ್ಯಚಿತ್ರವನ್ನು ಮುಗಿಸಿಯೇಬಿಟ್ಟ. ಸ್ಯಾನ್ ಫ್ರಾನ್ಸಿಸ್ಕೊದಿಂದ ಕೊಲ್ಲಿಯಾಚೆಗಿರುವ ಬರ್ಕ್‌ಲಿಯಲ್ಲಿ, ಷೆ ಪನೀಸ್ ಎಂಬ ಹೆಸರುವಾಸಿ ಹೋಟೆಲಿನ ಅಡುಗೆಮನೆಯಲ್ಲಿ, ಅದರ ಒಡತಿ ಆಲಿಸ್ ವಾಟರ್ಸ್ ನೆರವಿನಿಂದ ಬೂಟಿಗೆ ಬೆಳ್ಳುಳ್ಳಿ, ಸೊಪ್ಪು ಹಾಕಿ ಗಂಟೆಗಟ್ಟಲೆ ಬೇಯಿಸಿದರು. ಆಮೇಲೆ ಯುಸಿ ಥಿಯೇಟರ್ ಎಂಬ ಚಿತ್ರಮಂದಿರದಲ್ಲಿ, ಮಾರಿಸ್ ಚಿತ್ರ ನೋಡಲು ಬಂದಿದ್ದ ಪ್ರೇಕ್ಷಕರ ಎದುರು ಹೆರ್ಜಾಗ್ ಅದನ್ನು ಕತ್ತರಿಸಿ ತಿಂದರು. ಅಟ್ಟೆಯನ್ನು ಮಾತ್ರ ಬಿಟ್ಟರು. ಸಾಕ್ಷ್ಯಚಿತ್ರಕಾರ ಲೆಸ್ ಬ್ಲ್ಯಾಂಕ್ ಇದನ್ನೆಲ್ಲ ಚಿತ್ರೀಕರಿಸಿ 1980ರಲ್ಲಿ ಇಪ್ಪತ್ತು ನಿಮಿಷದ ಕಿರುಚಿತ್ರ ಮಾಡಿದರು.

ಈ ಪ್ರಸಂಗ ನೆನಪಾದಾಗಲೆಲ್ಲ ನನ್ನ ಗಮನ ಹೋಗುವುದು ಆ ಸಭಿಕರ ಕಡೆಗೆ. ಮ್ಯೂನಿಕ್‌ನಿಂದ ಒಂಬತ್ತು ಸಾವಿರ ಕಿಲೋಮೀಟರಿಗೂ ದೂರದ ಒಂದು ಊರಿನಲ್ಲಿ, ಜರ್ಮನ್ ನಿರ್ದೇಶಕನೊಬ್ಬ ಬೂಟು ತಿನ್ನುವುದನ್ನು ನೋಡಲು ಜನ ಸೇರುತ್ತಾರೆ ಎಂದರೆ, ಆತನ ಚಿತ್ರಗಳನ್ನು ಅವರು ಮೊದಲೇ ನೋಡಿರಬೇಕು. ನೋಡಲು ಒಂದು ಪರದೆ ಇದ್ದಿರಬೇಕು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲ ಸ್ವತಂತ್ರ ಚಿತ್ರಮಂದಿರಗಳು ಎಪ್ಪತ್ತರ ದಶಕದಲ್ಲಿ ಆ ಕೆಲಸ ಮಾಡಿದ್ದವು. ಅದೇ ಊರಿನ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ, ಹನ್ಸ್ ಯೂರ್ಗೆನ್ ಸಿಬರ್‌ಬೆರ್ಗ್ ಹಿಟ್ಲರನ ಬಗ್ಗೆ ಮಾಡಿದ ಏಳು ಗಂಟೆಗೂ ಮೀರಿದ ಚಿತ್ರವನ್ನು ಅಮೆರಿಕದಲ್ಲಿ ತೋರಿಸುವ ಹೊಣೆ ಹೊತ್ತರು. ಜರ್ಮನಿಯ ಇನ್ನೊಬ್ಬ ನಿರ್ದೇಶಕ ವಿಮ್ ವೆಂಡರ್ಸ್‌ರನ್ನು ಕರೆಸಿ 'ಹ್ಯಾಮೆಟ್' ಮಾಡಿಸಿದರು. ಹ್ಯಾಂಬರ್ಗಿನ ನಿರ್ದೇಶಕಿ ಮೋನಿಕಾ ಟ್ರಾಯ್ಟ್ 1988ರಲ್ಲಿ ತಮ್ಮ ಚಿತ್ರದ ಕಥಾನಾಯಕಿಯನ್ನು ಇದೇ ಊರಿಗೆ ಕಳುಹಿಸಿದರು. ಹೆಣ್ಣು–ಗಂಡೆಂಬ ಎರಡು ಮನೆಗಳಲ್ಲಿ ಯಾವುದಕ್ಕೂ ಸೇರಲೊಲ್ಲದವರ ಬದುಕನ್ನು ಕುರಿತ 'ಜೆಂಡರ್‌ನಾಟ್ಸ್' ಚಿತ್ರವನ್ನು 1999ರಲ್ಲಿ ಇಲ್ಲೇ ತೆಗೆದರು.

ಹೀಗೆ ಹದಗೊಂಡ ನೆಲದಲ್ಲಿ 1996ರಲ್ಲಿ 'ಬರ್ಲಿನ್ ಆ್ಯಂಡ್ ಬಿಯಾಂಡ್' ಚಿತ್ರೋತ್ಸವ ಶುರುವಾಯಿತು. ಆರಂಭಿಸಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಗೋಥೆ ಇನ್‌ಸ್ಟಿಟ್ಯೂಟ್. ಮುಂದೆ ನಿಂತು ಕಟ್ಟಿದವರು ಅಲ್ಲಿ ಕೆಲಸ ಮಾಡುತ್ತಿದ್ದ ಇಂಗ್ರಿಡ್ ಎಗ್ಗರ್ಸ್. ನಮ್ಮಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂದು ಕರೆಸಿಕೊಳ್ಳುವ ಸಂಸ್ಥೆಯೇ ಅದು. ಜರ್ಮನಿ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್ ದೇಶಗಳ ಹೊಸ ಚಿತ್ರಗಳನ್ನು ತಂದು, ಸಬ್‌ಟೈಟಲ್ ಜೊತೆ ತೋರಿಸಿ, ಆಗುವಷ್ಟು ಮಟ್ಟಿಗೆ ನಿರ್ದೇಶಕರನ್ನೂ ನಟರನ್ನೂ ಕರೆಸಿ ಮಾತಾಡಿಸುವುದು ಈ ಉತ್ಸವದ ಕೆಲಸ. ಇಂಥ ಉತ್ಸವಗಳು ಲೋಕದ ಎಷ್ಟೋ ಊರುಗಳಲ್ಲಿವೆ. ಇದಕ್ಕೆ ಸಿಕ್ಕ ಮನೆ ಮಾತ್ರ ಎಲ್ಲರಿಗೂ ಸಿಗುವಂಥದ್ದಲ್ಲ.

ಆ ಮನೆಯೇ ಕ್ಯಾಸ್ಟ್ರೊ ಥಿಯೇಟರ್. ಅದು ಬಾಗಿಲು ತೆರೆದದ್ದು 1922ರ ಜೂನ್‌ನಲ್ಲಿ. ನಾಸರ್ ಸೋದರರು ಕಟ್ಟಿಸಿದ್ದು. ವಿನ್ಯಾಸ ಟಿಮೊತಿ ಫ್ಲೂಗರ್ ಅವರದು. ಮುಂದೆ ಓಕ್‌ಲೆಂಡಿನ ಪ್ಯಾರಾಮೌಂಟ್ ಥಿಯೇಟರ್ ಕಟ್ಟಿ ಹೆಸರಾದವರು. ಹೊರಗಿನ ಮುಖ ಮೆಕ್ಸಿಕೋದ ಹಳೆಯ ಇಗರ್ಜಿಯಂತಿದೆ. ಒಳಗೆ ತಲೆಯೆತ್ತಿದರೆ ಎಳೆದು ಕಟ್ಟಿದ ಡೇರೆಯಂತೆ ಕಾಣುವ ಗಾರೆಯ ಸೂರು. ಸುಮಾರು 1400 ಸೀಟುಗಳಿದ್ದವು, ಒಂದೇ ಪರದೆ. ಚಿತ್ರ ಶುರುವಾಗುವ ಮುನ್ನ ವೇದಿಕೆಯ ಬಳಿ ಕೂತು ಕಲಾವಿದರೊಬ್ಬರು ಆರ್ಗನ್ ನುಡಿಸುವ ಪದ್ಧತಿ ಅಲ್ಲಿ ದಶಕಗಳ ಕಾಲ ನಡೆದುಕೊಂಡು ಬಂತು. 1977ರಲ್ಲಿ ನಗರಾಡಳಿತ ಅದನ್ನು ಪಾರಂಪರಿಕ ಕಟ್ಟಡವೆಂದು ಘೋಷಿಸಿತು. ಸಲಿಂಗಿಗಳ ಹಕ್ಕಿನ ಹೋರಾಟಕ್ಕೆ ಹೆಸರಾದ ಬೀದಿ ಅದು; ಹಾರ್ವೆ ಮಿಲ್ಕ್ ಅವರ ಕ್ಯಾಮೆರಾ ಅಂಗಡಿ ಇದ್ದದ್ದು ಇದೇ ರಸ್ತೆಯಲ್ಲಿ.

ಎರಡನೇ ಚಿತ್ರ ಮಾಡಿದ, ತನ್ನ ಊರಿನಾಚೆ ಯಾರಿಗೂ ಹೆಸರು ಗೊತ್ತಿಲ್ಲದ ಜರ್ಮನ್ ನಿರ್ದೇಶಕಿಯೊಬ್ಬಳ ಸಿನಿಮಾ ಇಂಥ ಸಭಾಂಗಣದಲ್ಲಿ ಮೂಡುವುದನ್ನು ಕಲ್ಪಿಸಿಕೊಳ್ಳಿ. ಅದಕ್ಕೆ ಹಂಚಿಕೆದಾರರಿಲ್ಲ, ತಾರೆಗಳಿಲ್ಲ, ಜಾಹೀರಾತಿಲ್ಲ. ಹಾಗಿದ್ದೂ ಅದು ಇಲ್ಲಿಯವರೆಗೆ ಹೇಗೆ ಬಂತು ಎಂಬುದೇ ನನಗೆ ಈ ಉತ್ಸವದ ಬಹಳ ದೊಡ್ಡ ಕಥೆ. ಪ್ರತಿಭೆಯೊಂದೇ ಚಿತ್ರವನ್ನು ಅಷ್ಟು ದೂರ ಹೊತ್ತು ತರುವುದಿಲ್ಲ. ಹಿಂದೆ ಒಂದು ಏರ್ಪಾಡಿದೆ. ಅದಕ್ಕೆ ಅರುವತ್ತು ವರ್ಷಗಳ ಇತಿಹಾಸವಿದೆ.

1962ರ ಫೆಬ್ರುವರಿ 28ರಂದು, ಓಬರ್‌ಹೌಸೆನ್ ಊರಿನ ಕಿರುಚಿತ್ರೋತ್ಸವದಲ್ಲಿ 26 ಮಂದಿ ತರುಣರು ಒಂದು ಹೇಳಿಕೆಗೆ ಸಹಿ ಹಾಕಿದರು. ಅಲೆಕ್ಸಾಂಡರ್ ಕ್ಲೂಗೆ, ಎಡ್ಗರ್ ರೈಟ್ಸ್ ಅವರಲ್ಲಿದ್ದರು. ಹಳೆಯ ಜರ್ಮನ್ ಸಿನಿಮಾದ ಕಾಲ ಮುಗಿಯಿತು, ಹೊಸದನ್ನು ನಾವು ಮಾಡುತ್ತೇವೆ ಎಂಬುದು ಅದರ ಸಾರ. ಇಂಥ ಘೋಷಣೆಗಳು ಎಲ್ಲ ದೇಶಗಳಲ್ಲೂ ಬರುತ್ತವೆ, ಹೋಗುತ್ತವೆ. ಪಶ್ಚಿಮ ಜರ್ಮನಿಯಲ್ಲಿ ಸರ್ಕಾರ ಅದನ್ನು ಕಿವಿಗೆ ಹಾಕಿಕೊಂಡಿತು. 1965ರಲ್ಲಿ ತರುಣ ನಿರ್ದೇಶಕರ ಮೊದಲ ಚಿತ್ರಗಳಿಗೆ ಹಣ ಕೊಡುವ ಮಂಡಳಿ ಬಂತು. 1966ರಲ್ಲಿ ಬರ್ಲಿನ್ನಿನಲ್ಲಿ ಸಿನಿಮಾ ಅಕಾಡೆಮಿ ತೆರೆಯಿತು. 1968ರಲ್ಲಿ ಚಲನಚಿತ್ರ ನೆರವು ಸಂಸ್ಥೆ ಕಾನೂನಿನ ಬಲದೊಂದಿಗೆ ಕೆಲಸ ಆರಂಭಿಸಿತು. ಒಂದು ಮಿತಿಗಿಂತ ಹೆಚ್ಚು ವಹಿವಾಟಿರುವ ಚಿತ್ರಮಂದಿರಗಳು ಟಿಕೆಟ್ ಆದಾಯದ ಸಣ್ಣ ಪಾಲನ್ನು ಅದಕ್ಕೆ ಕಡ್ಡಾಯವಾಗಿ ಕೊಡಬೇಕು. ಆಮೇಲಾಮೇಲೆ ವಿಡಿಯೊ ಕಂಪನಿಗಳು, ಟಿವಿ ವಾಹಿನಿಗಳು, ಈಗ ಸ್ಟ್ರೀಮಿಂಗ್ ಕಂಪನಿಗಳೂ ಕೊಡುವವರ ಸಾಲಿಗೆ ಸೇರಿವೆ. ಹಾಲಿವುಡ್ ಚಿತ್ರದ ಟಿಕೆಟ್ಟಿನಿಂದ ಬಂದ ದುಡ್ಡಿನಲ್ಲೂ ಒಂದು ಪಾಲು ಹೀಗೆ ನಾಳೆಯ ಜರ್ಮನ್ ಚಿತ್ರಕ್ಕೆ ಹೋಗುತ್ತದೆ.

1974ರಲ್ಲಿ ಸಾರ್ವಜನಿಕ ದೂರದರ್ಶನ ಸಂಸ್ಥೆಗಳೂ ಒಪ್ಪಂದ ಮಾಡಿಕೊಂಡು ಸಿನಿಮಾ ನಿರ್ಮಾಣಕ್ಕೆ ಹಣ ಹಾಕತೊಡಗಿದವು. ಅದಕ್ಕೂ ಮುಂಚೆ, 1963ರಿಂದಲೇ, ಜಡ್‌ಡಿಎಫ್ ವಾಹಿನಿಯಲ್ಲಿ ಹೊಸಬರಿಗೆಂದೇ ಒಂದು ವಿಭಾಗವಿದೆ. ಅದರ ಚಿತ್ರಗಳು ಟಿವಿಯಲ್ಲಿ ಬರುವುದು ನಡುರಾತ್ರಿಯ ಹೊತ್ತಿಗೆ. ನೋಡುವವರು ಕಡಿಮೆ ಎಂಬ ಕಾರಣಕ್ಕೆ ಅದನ್ನು ಮುಚ್ಚದೆ ಉಳಿಸಿಕೊಂಡದ್ದಕ್ಕೆ ಆ ದೇಶಕ್ಕೆ ನಾನು ಋಣಿ. ಯಾವ ಶಾಲೆ, ಯಾವ ಅನಾಥಾಲಯವೂ ಇಟ್ಟುಕೊಳ್ಳಲಾಗದ ಒಂಬತ್ತು ವರ್ಷದ ಸಿಟ್ಟಿನ ಹುಡುಗಿಯ ಕಥೆ ಹೇಳುವ ನೋರಾ ಫಿಂಗ್‌ಶೈಟ್ ಅವರ 'ಸಿಸ್ಟಮ್ ಕ್ರ್ಯಾಷರ್' 2019ರಲ್ಲಿ ಬಂತು. ಮಾಶಾ ಶಿಲಿನ್‌ಸ್ಕಿ ಅವರ 'ಸೌಂಡ್ ಆಫ್ ಫಾಲಿಂಗ್' 2025ರ ಕಾನ್ ಉತ್ಸವದಲ್ಲಿ ತೀರ್ಪುಗಾರರ ಬಹುಮಾನ ಹಂಚಿಕೊಂಡಿತು. ಎರಡೂ ಆ ವಿಭಾಗದ ಬೆಂಬಲದಲ್ಲಿ ಆದವು. ಎರಡನೆಯದರಲ್ಲಿ ಉತ್ತರ ಜರ್ಮನಿಯ ಒಂದೇ ತೋಟದ ಮನೆಯಲ್ಲಿ ಸುಮಾರು ನೂರು ವರ್ಷಗಳ ಅಂತರದಲ್ಲಿ ಬಾಳಿದ ನಾಲ್ವರು ಹುಡುಗಿಯರ ಬದುಕು ಒಂದರೊಳಗೊಂದು ಹೆಣೆದುಕೊಳ್ಳುತ್ತದೆ. ಇಸವಿಗಳನ್ನು ಪರದೆಯ ಮೇಲೆ ಬರೆದು ತೋರಿಸುವ ಗೊಡವೆಗೆ ನಿರ್ದೇಶಕಿ ಹೋಗುವುದಿಲ್ಲ. ಪ್ರೇಕ್ಷಕರೇ ಬಟ್ಟೆ, ಬೆಳಕು, ಬಾಗಿಲ ಸದ್ದು ನೋಡಿ ಕೇಳಿ ಕಾಲವನ್ನು ಗುರುತಿಸಬೇಕು. ಮಾರುಕಟ್ಟೆಯನ್ನಷ್ಟೇ ನಂಬಿದ್ದರೆ ಇಂಥ ಚಿತ್ರ ಆಗುತ್ತಿತ್ತೆಂದು ನನಗನಿಸುವುದಿಲ್ಲ.

ಈ ಏರ್ಪಾಡಿನಲ್ಲಿ ಹುಳುಕುಗಳೂ ಇವೆ. ರಾಜ್ಯಗಳ ನಿಧಿಗಳು ತಾವು ಕೊಟ್ಟ ಹಣ ತಮ್ಮ ನೆಲದಲ್ಲೇ ಖರ್ಚಾಗಲಿ ಎಂದು ಕೇಳುತ್ತವೆ. ಹಣ ಹುಡುಕುತ್ತ ಚಿತ್ರೀಕರಣವೇ ಊರೂರು ಅಲೆಯಬೇಕಾಗುತ್ತದೆ. ಹಲವು ಸಮಿತಿಗಳ ಕೈದಾಟಿ ಬಂದ ಚಿತ್ರಕಥೆ ಕೆಲವೊಮ್ಮೆ ಮೊನಚು ಕಳೆದುಕೊಂಡಿರುತ್ತದೆ. ಅಲ್ಲಿನ ನಿರ್ದೇಶಕರೇ ಇದನ್ನು ಬಹಿರಂಗವಾಗಿ ದೂರುತ್ತ ಬಂದಿದ್ದಾರೆ.

ಹಾಗಿದ್ದೂ ಫಲ ಸಿಕ್ಕಿದೆ. ಬರ್ಲಿನ್ನಿನ ಅದೇ ಅಕಾಡೆಮಿಯಿಂದ ಹೊರಬಂದ ಮೂವರು, ಕ್ರಿಸ್ಟಿಯಾನ್ ಪೆಟ್ಸೊಲ್ಡ್, ಆಂಗೆಲಾ ಶಾನೆಲೆಕ್, ಥಾಮಸ್ ಆರ್ಸ್‌ಲಾನ್, ತೊಂಬತ್ತರ ದಶಕದಿಂದ ಮಾಡುತ್ತ ಬಂದ ಚಿತ್ರಗಳನ್ನು ವಿಮರ್ಶಕರು 'ಬರ್ಲಿನ್ ಶಾಲೆ' ಎಂದು ಕರೆದರು. ಮೂವರದೂ ಒಂದೇ ಬಗೆಯಲ್ಲ. ಆದರೆ ದನಿಯೇರಿಸಿ ಮಾತಾಡದಿರುವುದು, ಸಂಗೀತದಿಂದ ಕಣ್ಣೀರು ಬರಿಸದಿರುವುದು, ಕಚೇರಿ, ಹೆದ್ದಾರಿ, ಬಾಡಿಗೆ ಮನೆಗಳಂಥ ಸಾದಾ ಜಾಗಗಳಲ್ಲಿ ಮನುಷ್ಯರನ್ನು ತಾಳ್ಮೆಯಿಂದ ನೋಡುವುದು ಮೂವರಲ್ಲೂ ಇದೆ. ಅಕಾಡೆಮಿಯಲ್ಲಿ ಪೆಟ್ಸೊಲ್ಡ್‌ಗೆ ಗುರುವಾಗಿದ್ದವರು ಹರೂನ್ ಫರೊಕಿ. ಅವರ ತಂದೆ ಭಾರತದಿಂದ ಜರ್ಮನಿಗೆ ಹೋಗಿ ನೆಲೆಸಿದವರು; ಹರೂನ್ ಕೂಡ ಬಾಲ್ಯದ ಕೆಲಕಾಲವನ್ನು ಭಾರತದಲ್ಲಿ ಕಳೆದವರು. 2014ರಲ್ಲಿ ತೀರಿಕೊಳ್ಳುವವರೆಗೂ ಅವರು ಶಿಷ್ಯನ ಚಿತ್ರಕಥೆಗಳಿಗೆ ಜೊತೆಗಾರರಾಗಿದ್ದರು.

ಪೆಟ್ಸೊಲ್ಡ್ ಅವರ 'ಟ್ರಾನ್ಸಿಟ್' (2018) ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಾಜಿಗಳಿಂದ ತಪ್ಪಿಸಿಕೊಂಡು ಫ್ರಾನ್ಸಿನ ಮಾರ್ಸೇ ಬಂದರಿಗೆ ಓಡಿಬಂದು, ಹಡಗು ಹತ್ತಲು ವೀಸಾಕ್ಕಾಗಿ ಕಾಯುವ ಜನರ ಬಗ್ಗೆ ಆನಾ ಸೆಗರ್ಸ್ ಬರೆದ ಕಾದಂಬರಿ ಅದರ ಮೂಲ. ಸೆಗರ್ಸ್ ಸ್ವತಃ ಹಾಗೆ ಓಡಿಹೋದವರೇ. ಬೇರೆ ಯಾರೇ ಆಗಿದ್ದರೂ 1940ರ ಉಡುಪು, ಕಾರು, ಬಾವುಟಗಳನ್ನು ತಂದು ನಿಲ್ಲಿಸುತ್ತಿದ್ದರು. ಪೆಟ್ಸೊಲ್ಡ್ ಕ್ಯಾಮೆರಾವನ್ನು ಇಂದಿನ ಮಾರ್ಸೇ ಬೀದಿಗೆ ಒಯ್ದರು. ಪೊಲೀಸರು ಈಗಿನ ಸಮವಸ್ತ್ರದಲ್ಲಿದ್ದಾರೆ, ಬೀದಿಯಲ್ಲಿ ಈಗಿನ ಕಾರುಗಳಿವೆ. ಆದರೆ ಸೇನೆ ನುಗ್ಗಿ ಬರುತ್ತಿದೆ, ಜರ್ಮನರು ಓಡುತ್ತಿದ್ದಾರೆ, ದೂತಾವಾಸದ ಮುಂದೆ ಸಾಲು ಬೆಳೆಯುತ್ತಿದೆ. ಸತ್ತ ಲೇಖಕನೊಬ್ಬನ ಕಾಗದಪತ್ರಗಳಿಂದ ತಾನೇ ಅವನಾಗಿ ದಾಟಿಹೋಗಲು ಹವಣಿಸುವ ಗೇಯಾರ್ಗ್, ನಡುವೆ ಉತ್ತರ ಆಫ್ರಿಕಾ ಮೂಲದ ಪುಟ್ಟ ಹುಡುಗನ ಜೊತೆ ಫುಟ್‌ಬಾಲ್ ಆಡುತ್ತಾನೆ, ಆ ಮನೆಯ ಕೆಟ್ಟ ರೇಡಿಯೊ ರಿಪೇರಿ ಮಾಡುತ್ತಾನೆ. ಅಂದಿನ ನಿರಾಶ್ರಿತನೂ ಇಂದಿನ ನಿರಾಶ್ರಿತನೂ ಒಂದೇ ಕೋಣೆಯಲ್ಲಿ ಕೂತಿದ್ದಾರೆ. ಜರ್ಮನಿಗೆ ಲಕ್ಷಾಂತರ ಸಿರಿಯನ್ನರು ಬಂದು, ಅವರ ಬಗ್ಗೆ ಆ ಸಮಾಜ ಒಳಗೊಳಗೇ ಸೀಳಿಹೋಗಿದ್ದ ಹೊತ್ತಿನಲ್ಲಿ ಬಂದ ಚಿತ್ರವಿದು. ಭಾಷಣದ ಒಂದು ಸಾಲೂ ಇಲ್ಲದೆ ಅದು ಹೇಳಬೇಕಾದ್ದನ್ನು ಹೇಳಿತು.

ಇಂದಿನ ಜರ್ಮನ್ ಚಿತ್ರವೆಂದರೆ ಯುದ್ಧ, ಗೋಡೆ, ಗುಪ್ತಚರರು ಎಂದುಕೊಂಡವರಿಗೆ ಮಾರೆನ್ ಆಡೆ ಅವರ 'ಟೋನಿ ಎರ್ಡ್‌ಮನ್' (2016) ತೋರಿಸಬೇಕು. ಎರಡೂ ಮುಕ್ಕಾಲು ಗಂಟೆಗೆ ತುಸು ಕಡಿಮೆಯ ಈ ಚಿತ್ರದಲ್ಲಿ ಮಗಳು ಇನೆಸ್ ರೊಮೇನಿಯಾದ ಬುಕಾರೆಸ್ಟಿನಲ್ಲಿ ಸಲಹಾ ಕಂಪನಿಯ ಕೆಲಸದಲ್ಲಿದ್ದಾಳೆ. ತೈಲ ಕಂಪನಿಯೊಂದರಿಂದ ಯಾರನ್ನೆಲ್ಲ ತೆಗೆದುಹಾಕಬಹುದೆಂದು ಲೆಕ್ಕ ಹಾಕಿಕೊಡುವುದು ಅವಳ ಉದ್ಯೋಗ. ಸಂಗೀತ ಮೇಷ್ಟ್ರಾಗಿದ್ದ ಅಪ್ಪ, ಹೇಳದೆ ಕೇಳದೆ ಅಲ್ಲಿಗೆ ಬಂದಿಳಿಯುತ್ತಾನೆ. ಹುಳುಕು ಹಲ್ಲಿನ ಸೆಟ್ಟು, ವಿಗ್ಗು ಹಾಕಿಕೊಂಡು ಬೇರೆಯೇ ಒಬ್ಬ ಮನುಷ್ಯನಾಗಿ ಅವಳ ಮೀಟಿಂಗುಗಳಲ್ಲಿ ನುಸುಳುತ್ತಾನೆ. ಮಗಳಿಗೆ ನಾಚಿಕೆಯಿಂದ ನೆಲಕ್ಕಿಳಿದಂತಾಗುತ್ತದೆ, ನೋಡುವ ನಮಗೂ. ಅಪರಿಚಿತರ ಮನೆಯಲ್ಲಿ ಅಪ್ಪ ಕೀಬೋರ್ಡ್ ನುಡಿಸಿ ಮಗಳನ್ನು ಹಾಡಲು ಎಬ್ಬಿಸುವ ದೃಶ್ಯವಿದೆ; ಸ್ಯಾಂಡ್ರಾ ಹುಲ್ಲರ್ ಅದನ್ನು ಹಾಡುವಾಗ ಬಿಗಿದುಕೊಂಡಿದ್ದ ಒಂದಿಡೀ ಬದುಕು ಸಡಿಲವಾಗುತ್ತದೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಮಕ್ಕಳಿರುವ ಅಪ್ಪ–ಅಮ್ಮಂದಿರಿಗೆ ಈ ಚಿತ್ರ ಸಬ್‌ಟೈಟಲ್ ಇಲ್ಲದೆಯೂ ಅರ್ಥವಾದೀತು.

ಹಾಗಾದರೆ ಜರ್ಮನ್ ಚಿತ್ರ ಯಾವುದು? 2024ರ ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರಗಳ ಪಟ್ಟಿ ಈ ಪ್ರಶ್ನೆಯನ್ನು ಬಹಳ ಚೆನ್ನಾಗಿ ಕೇಳಿತು. ಜರ್ಮನಿಯ ಪರವಾಗಿ ನಿಂತದ್ದು 'ದಿ ಟೀಚರ್ಸ್ ಲೌಂಜ್'. ನಿರ್ದೇಶಕ ಇಲ್ಕರ್ ಚಾತಾಕ್ ಬರ್ಲಿನ್ನಿನಲ್ಲಿ ಹುಟ್ಟಿದ, ಟರ್ಕಿಯಿಂದ ಬಂದವರ ಮಗ. ಜಪಾನಿನ ಪರ ನಿಂತ 'ಪರ್ಫೆಕ್ಟ್ ಡೇಸ್' ವಿಮ್ ವೆಂಡರ್ಸ್ ಅವರದು. ಗೆದ್ದದ್ದು ಬ್ರಿಟನ್ ಕಳಿಸಿದ 'ದಿ ಝೋನ್ ಆಫ್ ಇಂಟರೆಸ್ಟ್'. ಅದರ ಪಾತ್ರಗಳು ಆಡುವ ಮಾತು ಜರ್ಮನ್, ಮುಖ್ಯ ನಟಿ ಅದೇ ಸ್ಯಾಂಡ್ರಾ ಹುಲ್ಲರ್. ಮರುವರ್ಷ ಜರ್ಮನಿ ಕಳುಹಿಸಿದ್ದು ಇರಾನಿನಿಂದ ತಪ್ಪಿಸಿಕೊಂಡು ಬಂದ ಮೊಹಮ್ಮದ್ ರಸೂಲೋಫ್ ಪಾರ್ಸಿ ಭಾಷೆಯಲ್ಲಿ ಮಾಡಿದ 'ದಿ ಸೀಡ್ ಆಫ್ ದಿ ಸೇಕ್ರೆಡ್ ಫಿಗ್' ಚಿತ್ರವನ್ನು. ಹುಟ್ಟಿದ ಊರು, ಆಡುವ ನುಡಿ ಯಾವುದರಿಂದಲೂ ಗೆರೆ ಎಳೆಯಲು ಬರುವುದಿಲ್ಲ. ಚಿತ್ರದ ಜವಾಬ್ದಾರಿಯನ್ನು ಯಾರು ಹೊತ್ತರು ಎಂಬುದರಿಂದ ಅದರ ದೇಶ ನಿಶ್ಚಯವಾಗುತ್ತಿದೆ. ನನಗೆ ಇದು ಒಪ್ಪಿಗೆಯಾದ ವ್ಯಾಖ್ಯೆ.

ಉತ್ಸವದಲ್ಲಿ ಕಾಣುವ ಜರ್ಮನಿಯೇ ಇಡೀ ಜರ್ಮನಿ ಎಂದು ತಿಳಿಯುವುದು ತಪ್ಪಾದೀತು. ಅಲ್ಲಿನ ಚಿತ್ರಮಂದಿರಗಳಲ್ಲಿ ಹೆಚ್ಚಿನ ಜಾಗ ಹಾಲಿವುಡ್‌ನದೇ, ಅದೂ ಜರ್ಮನ್ನಿಗೆ ಡಬ್ ಆಗಿ. ಮಾರಾಟವಾಗುವ ಟಿಕೆಟ್ಟುಗಳಲ್ಲಿ ದೇಶೀ ಚಿತ್ರಗಳ ಪಾಲು ಸಾಮಾನ್ಯವಾಗಿ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದ ಆಸುಪಾಸು. ಅದರಲ್ಲೂ ಜನ ಮುಗಿಬೀಳುವುದು ಹಾಸ್ಯಕ್ಕೆ. 2013ರ 'ಫಾಕ್ ಯು ಗೋಟೆ' ಎಂಬ ಶಾಲೆಯ ಹಾಸ್ಯಚಿತ್ರಕ್ಕೆ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು. ಬರ್ಲಿನ್ ಶಾಲೆಯ ಯಾವ ಚಿತ್ರವೂ ಅದರ ಹತ್ತಿರ ಸುಳಿದಿಲ್ಲ. ಪೂರ್ವ ಜರ್ಮನಿಯಲ್ಲಿ ಬೆಳೆದ ಆಂಡ್ರಿಯಾಸ್ ಡ್ರೆಸೆನ್ ಅವರಂಥ ನಿರ್ದೇಶಕರು ಮಾತ್ರ ಜನಪ್ರೀತಿ, ಗಾಂಭೀರ್ಯ ಎರಡನ್ನೂ ಕಾಪಾಡಿಕೊಂಡಿದ್ದಾರೆ. ಕಲ್ಲಿದ್ದಲ ಗಣಿಯಲ್ಲಿ ಯಂತ್ರ ಓಡಿಸುತ್ತ ಹಾಡು ಕಟ್ಟಿದ, ಗುಪ್ತಚರರಿಗೆ ಗೆಳೆಯರ ಸುದ್ದಿಯನ್ನೂ ಕೊಟ್ಟ ಗಾಯಕನ ಕುರಿತ ಅವರ 'ಗುಂಡರ್‌ಮಾನ್' (2018), ಪಶ್ಚಿಮದವರ ಕಣ್ಣಿಗೆ ಬೀಳದ ಪೂರ್ವವನ್ನು ತೋರಿಸುತ್ತದೆ. 'ದಿ ಲೈವ್ಸ್ ಆಫ್ ಅದರ್ಸ್' ನೋಡಿ ಮೆಚ್ಚಿದವರು ಇದನ್ನೂ ನೋಡಲೇಬೇಕು.

ಹಣದ ವ್ಯವಸ್ಥೆ ಗಟ್ಟಿಯಾಗಿದೆ, ಚಿತ್ರಗಳಿವೆ. ಈಗ ಕಷ್ಟ ಬಂದಿರುವುದು ಮನೆಗೆ.

2022ರ ಜನವರಿಯಲ್ಲಿ ಕ್ಯಾಸ್ಟ್ರೊ ಥಿಯೇಟರಿನ ನಿರ್ವಹಣೆ ಸಂಗೀತ ಕಾರ್ಯಕ್ರಮಗಳನ್ನು ನಡೆಸುವ ಕಂಪನಿಯೊಂದಕ್ಕೆ ಹೋಯಿತು. ಇಳಿಜಾರಿನಲ್ಲಿ ಭದ್ರವಾಗಿ ಕೂರಿಸಿದ ಸೀಟುಗಳನ್ನು ತೆಗೆದು, ನಿಂತು ಕೇಳುವ ಕಾರ್ಯಕ್ರಮಗಳಿಗೂ ಒಗ್ಗುವಂತೆ ಸಭಾಂಗಣವನ್ನು ಬದಲಿಸುವ ಯೋಜನೆ ಹೊರಬಿತ್ತು. ಬಡಾವಣೆಯ ಜನ, ಸಿನಿಮಾ ಪ್ರೇಮಿಗಳು ಎದ್ದುನಿಂತರು. ಸೀಟುಗಳೂ ಪರಂಪರೆಯ ಭಾಗವೇ ಹೌದೋ ಅಲ್ಲವೋ ಎಂದು ನಗರಸಭೆಯಲ್ಲಿ ದೀರ್ಘ ಚರ್ಚೆಗಳಾದವು. ಕೊನೆಗೆ 2023ರಲ್ಲಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. 2024ರ ಆರಂಭದಲ್ಲಿ ಕಟ್ಟಡ ನವೀಕರಣಕ್ಕಾಗಿ ಬಾಗಿಲು ಹಾಕಿತು. ಉತ್ಸವಗಳು ಊರಿನ ಬೇರೆ ಪರದೆಗಳತ್ತ ಮುಖ ಮಾಡಬೇಕಾಯಿತು. ಕಂಪನಿಯ ಲೆಕ್ಕಾಚಾರ ನನಗೆ ಅರ್ಥವಾಗದ್ದೇನಲ್ಲ. 1400 ಸೀಟಿನ ಒಂಟಿ ಪರದೆಯನ್ನು ದಿನದಿನದ ಸಿನಿಮಾದಿಂದ ತುಂಬುವುದು ಅಸಾಧ್ಯಕ್ಕೆ ಹತ್ತಿರದ ಮಾತು. ಆದರೂ ಕೂತು ನೋಡುವ ಇಳಿಜಾರು ಹೋದ ಮೇಲೆ ಅದು ಮೊದಲಿನ ಚಿತ್ರಮಂದಿರವಾಗಿ ಉಳಿಯುವುದಿಲ್ಲ. ಸೀಟು ಉಳಿಸಲು ಹೊರಟವರ ಪಕ್ಷವೇ ನನ್ನದು. ಬೆಂಗಳೂರಿನ ಮೆಜೆಸ್ಟಿಕ್ ಸುತ್ತಲಿನ ಟಾಕೀಸುಗಳು ಒಂದೊಂದಾಗಿ ನೆಲಸಮವಾದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ್ದೇ ಆದ ರಾಕ್ಸಿ ಎಂಬ ಪುಟ್ಟ ಚಿತ್ರಮಂದಿರ ಬೇರೆ ದಾರಿ ಹಿಡಿಯಿತು. ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಾಯಿಸಿಕೊಂಡು, ತಾನಿರುವ ಕಟ್ಟಡವನ್ನೇ ಕೊಳ್ಳಲು ಪ್ರೇಕ್ಷಕರಿಂದ ಹಣ ಎತ್ತತೊಡಗಿತು.

ತವರಾದ ಜರ್ಮನಿಯಲ್ಲೂ ಚಿತ್ರಮಂದಿರಗಳ ಪಾಡು ಹೀಗೇ. ಬರ್ಲಿನ್ನಿನ ಆರ್ಸೆನಾಲ್ ಚಿತ್ರಮಂದಿರವನ್ನು ಸಿನಿಮಾ ಪ್ರಿಯರ ಸಂಘವೊಂದು 1970ರಲ್ಲಿ ತೆರೆದಿತ್ತು. ಎರಿಕಾ ಮತ್ತು ಉಲ್ರಿಷ್ ಗ್ರೆಗೊರ್ ದಂಪತಿ ಅದರ ಜೀವಾಳ. 2000ದಿಂದ ಪಾಟ್ಸ್‌ಡಾಮರ್ ಪ್ಲಾಟ್ಸ್‌ನ ಬಾಡಿಗೆ ಜಾಗದಲ್ಲಿದ್ದ ಅದು 2024ರ ಕೊನೆಗೆ ಅಲ್ಲಿಂದ ಗಂಟುಮೂಟೆ ಕಟ್ಟಿ, ವೆಡಿಂಗ್ ಬಡಾವಣೆಯಲ್ಲಿ ಹಿಂದೆ ಶವದಹನ ಕೇಂದ್ರವಾಗಿದ್ದ ಹಳೆಯ ಕಟ್ಟಡದ ಆವರಣಕ್ಕೆ ಹೊರಟಿತು. ಕನ್ನಡದವರಾದ ನಮಗೆ ಈ ಆರ್ಸೆನಾಲ್ ಬಗ್ಗೆ ಕಾಳಜಿ ಇರಲು ಕಾರಣವಿದೆ. ಬರ್ಲಿನ್ ಚಿತ್ರೋತ್ಸವದ 'ಫೋರಂ' ವಿಭಾಗವನ್ನು 1971ರಿಂದ ನಡೆಸಿಕೊಂಡು ಬಂದವರು ಇದೇ ಬಳಗದವರು. 2025ರಲ್ಲಿ ಆ ವಿಭಾಗಕ್ಕೆ ಆಯ್ಕೆಯಾದ ಚಿತ್ರಗಳಲ್ಲಿ ಉತ್ತರ ಕನ್ನಡದ ನಟೇಶ್ ಹೆಗಡೆ ಅವರ ಕನ್ನಡ ಚಿತ್ರ 'ವಾಘಾಚಿಪಾಣಿ'ಯೂ ಇತ್ತು. ಮಲೆನಾಡಿನ ಹಳ್ಳಿಯೊಂದರ ದರ್ಪ, ಜಾತಿ, ಮೌನಗಳ ಕಥೆಯನ್ನು ಬರ್ಲಿನ್ನಿನ ಪ್ರೇಕ್ಷಕರು ಸಬ್‌ಟೈಟಲ್ ಓದುತ್ತ ನೋಡಿದರು.

ನಮ್ಮಲ್ಲೂ ಕನ್ನಡ ಚಿತ್ರಗಳಿಗೆ ಸಬ್ಸಿಡಿ ಕೊಡುವ ಪದ್ಧತಿ ದಶಕಗಳಿಂದ ಇದೆ. ಹೊಸ ಅಲೆಯ ಚಿತ್ರಗಳಿಗೆ ಅದು ಆಸರೆಯಾಗಿತ್ತು. 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಬಳಗಗಳು ಪ್ರೇಕ್ಷಕರನ್ನು ಬೆಳೆಸಿದವು. ಮಾಡಲು ಒಂದಿಷ್ಟು ಹಣ ಸಿಕ್ಕಿತು. ವರ್ಷವಿಡೀ ತೋರಿಸಲು ಪರದೆ ಸಿಗಲಿಲ್ಲ. ಪ್ರಶಸ್ತಿ ಪಡೆದ ಕನ್ನಡ ಚಿತ್ರವನ್ನು ಹಾಸನದಲ್ಲೋ ಕಲಬುರಗಿಯಲ್ಲೋ ಒಂದು ವಾರ ಕೂತು ನೋಡುವ ಜಾಗ ಎಲ್ಲಿದೆ? ಜರ್ಮನಿಯಲ್ಲಿ ನಗರಸಭೆಗಳೇ ನಡೆಸುವ, ಇಲ್ಲವೇ ನೆರವು ಕೊಡುವ ಚಿತ್ರಮಂದಿರಗಳಿವೆ. 1971ರಲ್ಲಿ ಫ್ರಾಂಕ್‌ಫರ್ಟ್ ನಗರ ಹಿಲ್ಮಾರ್ ಹಾಫ್‌ಮನ್ ಅವರ ಮುಂದಾಳ್ತನದಲ್ಲಿ ಅಂಥದ್ದನ್ನು ಆರಂಭಿಸಿತು. ಗ್ರಂಥಾಲಯಕ್ಕೆ ತೆರಿಗೆಯ ದುಡ್ಡು ಸಲ್ಲುವುದಾದರೆ ಸಿನಿಮಾಕ್ಕೂ ಸಲ್ಲಬೇಕೆಂಬ ವಾದ ನಮ್ಮ ಮಹಾನಗರ ಪಾಲಿಕೆಗಳ ಕಿವಿಗೂ ಬೀಳಬೇಕು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ನೆಲೆಸಿರುವ ಕನ್ನಡಿಗರು ಸಾವಿರಾರು ಮಂದಿ. ವಾರಾಂತ್ಯದಲ್ಲಿ ಅಲ್ಲಿನ ಮಲ್ಟಿಪ್ಲೆಕ್ಸುಗಳಿಗೆ ಬರುವ ಕನ್ನಡ ಚಿತ್ರಗಳ ಜೊತೆಗೆ, ಈ ಉತ್ಸವ ಬಂದಾಗ ಅದಕ್ಕೂ ಒಂದು ಸಂಜೆ ಕೊಡಿ ಎಂಬುದು ಅವರಲ್ಲಿ ನನ್ನ ಕೋರಿಕೆ. ಬೆಂಗಳೂರಿನವರಿಗೆ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಮ್ಯಾಕ್ಸ್ ಮುಲ್ಲರ್ ಭವನವಿದೆ. ಎಲ್ಲಿಂದ ಶುರುಮಾಡಲಿ ಎನ್ನುವವರು ಪೆಟ್ಸೊಲ್ಡ್‌ರ 'ಬಾರ್ಬರಾ' (2012) ಹಿಡಿಯಿರಿ. ದೇಶ ಬಿಡಲು ಅರ್ಜಿ ಹಾಕಿದ ತಪ್ಪಿಗೆ ಪೂರ್ವ ಜರ್ಮನಿಯ ಹಳ್ಳಿಗಾಡಿನ ಆಸ್ಪತ್ರೆಗೆ ತಳ್ಳಿಸಿಕೊಂಡ ವೈದ್ಯೆಯಾಗಿ ನೀನಾ ಹೋಸ್ ಅಭಿನಯಿಸಿದ್ದಾರೆ. ಮೊದಲ ಅರ್ಧ ಗಂಟೆ ಏನೂ ನಡೆಯುತ್ತಿಲ್ಲವೆಂದು ಅನಿಸಬಹುದು, ಎದ್ದು ಹೋಗಬೇಡಿ. ಅದಾದ ಮೇಲೆ 'ಟೋನಿ ಎರ್ಡ್‌ಮನ್', ಆಮೇಲೆ 'ಟ್ರಾನ್ಸಿಟ್'. 'ಸೌಂಡ್ ಆಫ್ ಫಾಲಿಂಗ್' ಮಾತ್ರ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ನೋಡಬೇಡಿ. ಅದರ ಅರ್ಧ ಕಥೆ ಸದ್ದಿನಲ್ಲಿದೆ, ಉಳಿದರ್ಧ ಕತ್ತಲೆಯಲ್ಲಿದೆ. ಯಾರಾದರೂ ದೊಡ್ಡ ಪರದೆಯ ಮೇಲೆ ಹಾಕುವವರೆಗೆ ಕಾಯಿರಿ, ಹಾಕಿರೆಂದು ಕೇಳುತ್ತಲೂ ಇರಿ.